ಒಣದ್ರಾಕ್ಷಿ ಶೆಡ್ಡಿನಲ್ಲಿ ಜುಗಾರಿ ಕ್ರಾಸ್

‘ಜುಗಾರಿ ಕ್ರಾಸ್’ ಓದಿ ಮುಗಿಸಿದಾಗ ನನಗೆ ಪೂರ್ಣಚಂದ್ರ ತೇಜಸ್ವಿಯವರ ಮೇಲೆ ಸಿಟ್ಟು ಬಂದಿತ್ತು. ಆ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ. ಆದರೆ ನಮ್ಮ ಮನೆಯ ಕಪಾಟಿನಲ್ಲಿ ಹಾಳೆ ಸಡಿಲಾಗಿ, ಬೆನ್ನು ಹರಿದು, ದಾರ ಹಾಕಿ ಹೊಲಿಸಿಟ್ಟ ಪುಸ್ತಕ ಅದೊಂದೇ. ಮೆಚ್ಚಿದ ಪುಸ್ತಕಗಳು ಬೇರೆ ಬೇಕಾದಷ್ಟಿವೆ, ಅವೆಲ್ಲ ತಂದ ದಿನ ಹೇಗಿದ್ದವೋ ಹಾಗೇ ನಿಂತಿವೆ. ಇದು ಮಾತ್ರ ತಿಕೋಟಾದಿಂದ ಬಬಲೇಶ್ವರಕ್ಕೆ, ಅಲ್ಲಿಂದ ವಿಜಯಪುರಕ್ಕೆ, ಮತ್ತೆ ಅಕ್ಕಪಕ್ಕದ ತೋಟದ ವಸ್ತಿಗಳಿಗೆ ಕೈಯಿಂದ ಕೈಗೆ ತಿರುಗಿ ಸವೆಯಿತು. ನನ್ನನ್ನು ಇಷ್ಟು ಓಡಿಸಿದ ಪುಸ್ತಕ ಇನ್ನೊಂದಿಲ್ಲ. ಇಷ್ಟು ವರ್ಷ ನನ್ನೊಡನೆ ಜಗಳಕ್ಕೆ ನಿಂತದ್ದೂ ಇನ್ನೊಂದಿಲ್ಲ.

ನನ್ನ ತವರು ಬಬಲೇಶ್ವರ. ಎರೆ ಹೊಲ, ಬಿಳಿ ಜೋಳ, ಕಡಲೆ, ಕುಸುಬಿ. ಮಳೆಗಾಲದಲ್ಲಿ ಸಾರವಾಡದ ಹತ್ತಿರ ಡೋಣಿ ಹೊಳೆ ಉಕ್ಕಿ ಬಂದರೆ ವಿಜಯಪುರ ಶಹರದ ಬಸ್ಸು ಬಂದ್. ನಾನು ಸಾಲಿ ಕಲಿಯುವಾಗ, ಎಂಬತ್ತರ ದಶಕದಲ್ಲಿ, ಶಹರಕ್ಕಿನ್ನೂ ಬಿಜಾಪುರ ಎಂಬ ಹೆಸರೇ ಇತ್ತು. ನನ್ನ ಸೋದರಮಾವ ಅಲ್ಲಿ ಒಂದು ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದ. ವಾರಕ್ಕೊಮ್ಮೆ ಊರಿಗೆ ಬರುವಾಗ ಬಾಡಿಗೆ ಪುಸ್ತಕದ ಅಂಗಡಿಯಿಂದ ಪತ್ತೇದಾರಿ ಕಾದಂಬರಿ ತರುತ್ತಿದ್ದ. ಸೋಮವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಅವು ಅವನ ಜೊತೆ ತಿರುಗಿ ಹೋಗಬೇಕು. ಹಗಲೆಲ್ಲ ಮಾವನ ಪಾಳಿ, ಅವನು ಮಲಗಿದ ಮೇಲೆ ನನ್ನ ಪಾಳಿ. ಬೇಗ ಬೇಗ ಓದುವುದನ್ನು ನನಗೆ ಕಲಿಸಿದ್ದು ಆ ಬಾಡಿಗೆಯ ಗಡುವು. ಅಡುಗೆಮನೆಯಿಂದ ಅವ್ವ ಕೂಗುತ್ತಿದ್ದಳು: “ಏ ಹುಡುಗಿ, ಆ ಖೂನಿ ಪುಸ್ತಕ ಇಟ್ಟು ಬಾ, ರೊಟ್ಟಿ ಬಡಿಯೂದೈತಿ.”

ಆ ಖೂನಿ ಪುಸ್ತಕಗಳಲ್ಲಿ ಹೆಚ್ಚಿನವು ಎನ್. ನರಸಿಂಹಯ್ಯನವರವು. ನಾಲ್ಕನೆಯ ಇಯತ್ತೆಗೆ ಸಾಲಿ ಬಿಟ್ಟು, ಐದುನೂರಕ್ಕೂ ಹೆಚ್ಚು ಕಾದಂಬರಿ ಬರೆದ ಮನುಷ್ಯ. 2011ರಲ್ಲಿ ತೀರಿಕೊಂಡರು. ಕನ್ನಡದಲ್ಲಿ ಓದುವ ಚಟ ಹಚ್ಚಿದವರು ಯಾರು ಎಂದು ಲೆಕ್ಕ ತೆಗೆದರೆ ದೊಡ್ಡ ದೊಡ್ಡ ಪ್ರಶಸ್ತಿ ಪಡೆದವರ ಜೊತೆಗೆ, ಅವರಿಗಿಂತ ಮೊದಲೇ ಎಂದರೂ ನನ್ನ ತಕರಾರಿಲ್ಲ, ನರಸಿಂಹಯ್ಯನವರ ಹೆಸರು ಬರಬೇಕು. ಪುರುಷೋತ್ತಮ, ಅರಿಂಜಯ, ಮಧುಸೂದನ ಎಂಬ ಅವರ ಪತ್ತೇದಾರರು ನಮ್ಮ ಮಾವನ ಬಾಯಲ್ಲಿ ಬೀಗರ ಮನೆಯವರ ಹಾಗೆ ಬಂದು ಹೋಗುತ್ತಿದ್ದರು. ಆ ಪುಸ್ತಕಗಳಲ್ಲಿ ನನಗೆ ಸಿಗುತ್ತಿದ್ದ ದೊಡ್ಡ ನೆಮ್ಮದಿ ಎಂದರೆ ಕೊನೆ. ಯಾರು ಕೊಂದರು, ಯಾಕೆ ಕೊಂದರು, ಎಲ್ಲಿ ಬಚ್ಚಿಟ್ಟರು, ಎಲ್ಲವೂ ಕೊನೆಯ ಹಾಳೆಗಳಲ್ಲಿ ಬಯಲಾಗಿ ಗಂಟು ಬಿಚ್ಚುತ್ತಿತ್ತು. ಸೋಮವಾರ ಬೆಳಿಗ್ಗೆ ಪುಸ್ತಕ ಹೋದರೂ ನನ್ನ ಹತ್ತಿರ ಏನೂ ಬಾಕಿ ಉಳಿಯುತ್ತಿರಲಿಲ್ಲ.

‘ಜುಗಾರಿ ಕ್ರಾಸ್’ ಎಲ್ಲವನ್ನೂ ಬಾಕಿ ಉಳಿಸಿತು.

ಅದು ಪ್ರಕಟವಾದದ್ದು 1994ರಲ್ಲಿ. ಅಷ್ಟರಲ್ಲಿ ನನ್ನ ಲಗ್ನವಾಗಿ ತಿಕೋಟಾ ಕಡೆಗೆ ಬಂದಿದ್ದೆ. ಶಹರದಿಂದ ಪಶ್ಚಿಮಕ್ಕೆ, ಅಥಣಿಯ ರಸ್ತೆಯಲ್ಲಿ, ತೊರವಿ ದಾಟಿ ಹೋದರೆ ತಿಕೋಟಾ. ಈಗ ಅದೂ ತಾಲ್ಲೂಕು, ನನ್ನ ತವರೂ ತಾಲ್ಲೂಕು. ಆಗ ಎರಡೂ ಬಿಜಾಪುರ ತಾಲ್ಲೂಕಿನ ದೊಡ್ಡ ಊರುಗಳು, ಅಷ್ಟೆ. ನಾವು ಇದ್ದದ್ದು ಊರ ಹೊರಗೆ, ತೋಟದ ವಸ್ತಿಯಲ್ಲಿ. ಸುತ್ತಲೂ ದ್ರಾಕ್ಷಿ. ಬೋರಿನ ನೀರು ನೆಚ್ಚಿ, ಅದು ಬತ್ತಿದರೆ ಟ್ಯಾಂಕರ್ ನೀರು ಕೊಂಡು ಹಾಕಿ ಉಳಿಸಿಕೊಂಡ ತೋಟಗಳು. ನನ್ನ ಮೈದುನ ಕಾಲೇಜಿಗೆಂದು ಬಸ್ಸಿನಲ್ಲಿ ಹೋಗಿ ಬರುತ್ತಿದ್ದ. ಅವನು ಯಾರದೋ ಕೈಯಿಂದ ಈ ಪುಸ್ತಕ ತಂದು, “ವೈನಿ, ಇದನ್ನ ಹಿಡದ್ರ ಬಿಡಾಕ ಆಗೂದಿಲ್ಲ ನೋಡ್ರಿ” ಎಂದು ಕೊಟ್ಟ.

ಹೌದು, ಬಿಡಲಾಗಲಿಲ್ಲ. ಸುರೇಶ, ಗೌರಿ ಎಂಬ ಎಳೆಯ ದಂಪತಿ. ಮಲೆನಾಡಿನ ಕಾಡಿನ ನಡುವೆ ಏಲಕ್ಕಿ ಬೆಳೆಯುವವರು. ಬೆಳೆ ಮಾರಲು ಹೊರಡುತ್ತಾರೆ. ಹೆಚ್ಚು ಕಡಿಮೆ ಒಂದು ಹಗಲು ಒಂದು ರಾತ್ರಿಯೊಳಗೆ ಅವರ ಬದುಕು ತಲೆಕೆಳಗಾಗುತ್ತದೆ. ಕಾಡಿನೊಳಗೆ ರಸ್ತೆ ಕೂಡುವ ಒಂದು ಬಸ್ ಸ್ಟಾಪು, ಅಲ್ಲಿ ಬಸ್ಸಿಗೆ ಕಾಯುವ ನಾನಾ ನಮೂನೆಯ ಜನ, ಮರ ಕಡಿದು ಸಾಗಿಸುವ ದಂಧೆ, ರೈಲು, ಸುರಂಗ, ಬೆನ್ನು ಹತ್ತಿದವರು, ಹಳೆಯ ಕಾವ್ಯವೊಂದರೊಳಗೆ ಬಚ್ಚಿಟ್ಟ ರತ್ನದ ಒಗಟು. ಕೊನೆ ಏನಾಗುತ್ತದೆ ಎಂದು ಇಲ್ಲಿ ಹೇಳುವುದಿಲ್ಲ. ಓದದೇ ಇರುವವರಿಗೆ ಆ ಓಟ ಸಿಗಲೇಬೇಕು, ಅದನ್ನು ಕಸಿಯುವ ಹಕ್ಕು ನನಗಿಲ್ಲ.

ನಾನು ಅದನ್ನು ಓದಿದ್ದು ದ್ರಾಕ್ಷಿ ಒಣಗಿಸುವ ಹಂಗಾಮಿನಲ್ಲಿ. ಫೆಬ್ರುವರಿ ಮುಗಿಯುತ್ತ ಬಂದಂತೆ ನಮ್ಮ ಕಡೆ ಯಾರಿಗೂ ಪುರುಸೊತ್ತಿಲ್ಲ. ಕೊಯ್ದ ಗೊನೆಗಳನ್ನು ಪೊಟ್ಯಾಸಿಯಂ ಕಾರ್ಬೋನೇಟು ಮತ್ತು ಡಿಪ್ಪಿಂಗ್ ಆಯಿಲ್ ಕಲಸಿದ ನೀರಿನಲ್ಲಿ ಅದ್ದಿ ತೆಗೆದು, ಶೆಡ್ಡಿನೊಳಗೆ ಅಂತಸ್ತು ಅಂತಸ್ತಾಗಿ ಕಟ್ಟಿದ ಜಾಳಿಗೆಯ ಮೇಲೆ ತೆಳ್ಳಗೆ ಹರವುತ್ತಾರೆ. ಬಿಸಿಲು ನೇರ ಬೀಳಬಾರದು, ಗಾಳಿ ಆಡಬೇಕು. ಹದಿನೈದು ದಿವಸದ ಹೊತ್ತಿಗೆ ಹಣ್ಣು ಒಣಗುತ್ತದೆ. ನಾಲ್ಕು ಕಿಲೋ ಹಣ್ಣಿಗೆ ಒಂದು ಕಿಲೋ ಒಣದ್ರಾಕ್ಷಿ ಕೈಗೆ ಬಂದರೆ ಬಂತು. ಆಮೇಲೆ ತೊಟ್ಟು ಬಿಡಿಸಿ, ಕಸ ಆರಿಸಿ, ಬಣ್ಣ ನೋಡಿ ಬೇರೆ ಮಾಡುವ ಕೆಲಸ. ಅದು ಹೆಣ್ಣುಮಕ್ಕಳದು. ಹತ್ತು ಹನ್ನೆರಡು ಮಂದಿ ಸುತ್ತ ಕುಳಿತು ಕೈ ಆಡಿಸುತ್ತಿದ್ದರೆ ಬಾಯಿಗೆ ಏನಾದರೂ ಬೇಕು. ನಾನು ರಾತ್ರಿ ಓದಿದ್ದನ್ನು ಹಗಲು ಅವರಿಗೆ ಹೇಳತೊಡಗಿದೆ.

ನನ್ನ ಓದು ಒಂದು ದಾರಿ, ಆ ಕೇಳುವಿಕೆ ಇನ್ನೊಂದು ದಾರಿ ಹಿಡಿದದ್ದು ಅಲ್ಲಿ. ನಾನು ಓಡಬೇಕು ಎನ್ನುತ್ತೇನೆ, ಅವರು ನಿಲ್ಲಿಸುತ್ತಾರೆ.

“ಏಲಕ್ಕಿ ಎಷ್ಟಕ್ಕ ಹೋತು?” ಎಂದು ಕೇಳಿದಳು ನನ್ನ ನೆಗೆಣ್ಣಿ. ಅದು ಅವರಿಗೆ ಕತೆಯ ಮೊದಲ ಪ್ರಶ್ನೆ. ಮಾಲು ಹೇರಿಕೊಂಡು ತಾಸಗಾಂವಿಗೆ, ಸಾಂಗ್ಲಿಗೆ ಹೋದ ಗಂಡಸರು ಸವಾಲಿನಲ್ಲಿ ಏನು ದರ ತಂದರು ಎಂದು ಬಾಗಿಲಲ್ಲಿ ನಿಂತು ಕಾಯುವ ಮನೆಗಳು ನಮ್ಮವು. ಬೆಳೆದವನು ಒಬ್ಬ, ದರ ಹೇಳುವವನು ಇನ್ನೊಬ್ಬ, ಆ ದರ ಯಾಕೆ ಏರಿತು ಯಾಕೆ ಇಳಿಯಿತು ಎನ್ನುವುದು ಇಬ್ಬರಿಗೂ ಕಾಣದ ಎಲ್ಲಿಯೋ ಇರುವ ಮೂರನೆಯವನಿಗೆ ಗೊತ್ತು. ಏಲಕ್ಕಿ ಮಾರುವ ಗಂಡ ಹೆಂಡತಿಯ ಎದೆ ಹೇಗೆ ಹೊಡೆದುಕೊಳ್ಳುತ್ತದೆ ಎಂದು ಮಲೆನಾಡನ್ನು ಕಣ್ಣಿಂದ ಕಾಣದ ಆ ಹೆಣ್ಣುಮಕ್ಕಳಿಗೆ ನಾನು ವಿವರಿಸಬೇಕಾಗಿರಲಿಲ್ಲ.

“ರೊಕ್ಕ ಎಲ್ಲಿ ಇಟ್ಕೊಂಡಾಳಕಿ?”

“ಹೊಂಟಾಗ ಮನಿ ಯಾರಿಗಿ ಒಪ್ಪಿಸಿ ಬಂದಾರ? ದನಕ್ಕ ಮೇವು ಯಾರು ಹಾಕ್ತಾರ?”

“ಮುಂಜಾನಿಂದ ಆಕಿ ಏನರ ಉಂಡಾಳೋ ಇಲ್ಲೋ?”

ಈ ಪ್ರಶ್ನೆಗಳಿಗೆಲ್ಲ ನಾನು ಪುಸ್ತಕ ತಿರುವಿದೆ. ಕೆಲವಕ್ಕೆ ಉತ್ತರ ಸಿಕ್ಕಿತು, ಹೆಚ್ಚಿನವಕ್ಕೆ ಸಿಗಲಿಲ್ಲ. ತೇಜಸ್ವಿ ಮೊದಲ ಭಾಗದಲ್ಲಿ ಎಷ್ಟು ಸಾವಧಾನವಾಗಿ ಆ ಬಸ್ ಸ್ಟಾಪಿನ ಜನರನ್ನು ನಮ್ಮ ಮುಂದೆ ಕೂರಿಸುತ್ತಾರೋ, ಓಟ ಶುರುವಾದ ಮೇಲೆ ಅಷ್ಟೇ ಬಿರುಸಾಗಿ ಎಲ್ಲರನ್ನೂ ಹಿಂದೆ ಬಿಟ್ಟು ಹೋಗುತ್ತಾರೆ. ಎರಡು ಮೂರು ಹಾಳೆ ಮಾತ್ರ ಬದುಕಿ ಮರೆಯಾಗುವ ಪಾತ್ರಗಳಿವೆ. ಅವರ ಮುಖ ನಮಗೆ ಕಂಡಿದೆ, ದನಿ ಕೇಳಿದೆ, ಆಮೇಲೆ ಅವರು ಏನಾದರು? ರೈಲು ಹೊರಟಿದೆ, ಕೇಳಲು ವೇಳೆಯಿಲ್ಲ. ನನ್ನ ಸಿಟ್ಟಿನ ಒಂದು ಬೇರು ಇಲ್ಲಿದೆ. ಮನುಷ್ಯರನ್ನು ಇಷ್ಟು ಜೀವಂತವಾಗಿ ಕಾಣುವ ಕಣ್ಣು ಇದ್ದ ಲೇಖಕ, ಆ ಕಣ್ಣನ್ನು ಅರ್ಧ ದಾರಿಯಲ್ಲಿ ಮುಚ್ಚಿಕೊಂಡು ಯಾಕೆ ಓಡಬೇಕು?

ಸುರಂಗದ ಭಾಗ ಬಂದಾಗ ಇನ್ನೊಂದು ತೊಡಕು. ನಮ್ಮ ಸೀಮೆಯಲ್ಲಿ ಘಾಟಿಲ್ಲ. ಸೊಲ್ಲಾಪುರದಿಂದ ಬಿಜಾಪುರದ ಮೇಲೆ ಗದಗಕ್ಕೆ ಹೋಗುತ್ತಿದ್ದ ಸಣ್ಣ ರೈಲು ಬಯಲಿನಲ್ಲೇ ಓಡುತ್ತಿತ್ತು. ಬೆಳೆ ಕೊಯ್ದ ಮೇಲೆ ನಮ್ಮ ಎರೆ ಹೊಲದಲ್ಲಿ ನಿಂತರೆ ಮೈಲಿ ದೂರದಲ್ಲಿ ಸೈಕಲ್ ಮೇಲೆ ಬರುವವನನ್ನು ಇಂಥವನ ಮಗ ಎಂದು ಗುರುತು ಹಿಡಿಯಬಹುದು. ಗೋಳಗುಮ್ಮಟ ಊರು ಮುಟ್ಟುವ ಎಷ್ಟೋ ಮೊದಲೇ ಕಣ್ಣಿಗೆ ಬೀಳುತ್ತದೆ. ಬಚ್ಚಿಟ್ಟುಕೊಳ್ಳಲು ಜಾಗವೇ ಇಲ್ಲದ ನೆಲದವರಿಗೆ, ಹತ್ತು ಹೆಜ್ಜೆ ಆಚೆ ಏನಿದೆಯೆಂದು ಕಾಣದ ಕಾಡಿನ ಭಯ ಹೇಳುವುದು ಹೇಗೆ? “ಸುರಂಗ ಅಂದ್ರ ಹೆಂಗಿರತೈತಿ?” ಎಂದು ಒಬ್ಬಳು ಕೇಳಿದಾಗ, ಗೋಳಗುಮ್ಮಟದ ಮೂಲೆಯ ಮಿನಾರಿನೊಳಗೆ ಸುತ್ತಿ ಸುತ್ತಿ ಏರುವ ಮೆಟ್ಟಿಲು ನೆನಪು ಮಾಡಿಕೊಟ್ಟೆ. ಜಾತ್ರೆಗೆ ಬಂದಾಗ ಎಲ್ಲರೂ ಹತ್ತಿದವರೇ. ಆ ಕತ್ತಲು, ಮುಂದಿನವಳ ಸೆರಗು ಹಿಡಿದು ಕಾಲು ತಡವರಿಸುತ್ತ ಏರುವ ಗಾಬರಿ, ಹಿಂದೆ ಯಾರು ಬರುತ್ತಿದ್ದಾರೆಂದು ತಿಳಿಯದ ಹೆದರಿಕೆ. ಅಷ್ಟು ಹೇಳಿದ್ದೇ ಸಾಕಾಯಿತು. ಶೆಡ್ಡಿನಲ್ಲಿ ಕೈಗಳು ನಿಂತವು. ಆ ಹೊತ್ತು ಯಾರೂ ಗೌರಿ ಉಂಡಳೋ ಇಲ್ಲವೋ ಎಂದು ಕೇಳಲಿಲ್ಲ. “ಮುಂದ? ಆಮ್ಯಾಗ?” ಎಂಬುದೊಂದೇ ಮಾತು.

ಅಕ್ಷರ ಬಾರದ ನನ್ನ ಅತ್ತೆ ಮರುದಿನ ನಸುಕಿನಲ್ಲೇ ನನ್ನನ್ನು ಎಬ್ಬಿಸಿ, “ರಾತ್ರಿ ಎಷ್ಟ ಓದಿದಿ?” ಎಂದು ಕೇಳಿದರು. ಒಂದು ಪುಸ್ತಕಕ್ಕೆ ಇದಕ್ಕಿಂತ ದೊಡ್ಡ ಮರ್ಯಾದೆ ಯಾವುದಿದೆ? ತೇಜಸ್ವಿಯವರ ಬೇರೆ ಬರಹಗಳನ್ನು ಹುಡುಕಿ ಓದಿದೆನಲ್ಲ, 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ‘ಚಿದಂಬರ ರಹಸ್ಯ’ವನ್ನೂ ಇದೇ ಗುಂಗಿನಲ್ಲಿ ಓದಿದೆ. ಅಲ್ಲಿಯೂ ಏಲಕ್ಕಿಯಿದೆ, ಸಾವಿದೆ, ತನಿಖೆಗೆ ಬಂದ ಅಧಿಕಾರಿ ಇದ್ದಾನೆ. ಆದರೆ ಆ ಅಧಿಕಾರಿ ಊರಿನ ಜನರ ಮಾತಿನಲ್ಲಿ, ಹಗೆಯಲ್ಲಿ, ಪ್ರೀತಿಯಲ್ಲಿ ಸಿಕ್ಕಿಕೊಂಡು ಹೋಗುತ್ತಾನೆ. ಕತೆ ಊರ ತುಂಬ ಹರಡುತ್ತದೆ. ಒಳ್ಳೆಯ ಕಾದಂಬರಿ ಯಾವುದು ಎಂದರೆ ನಾನು ‘ಚಿದಂಬರ ರಹಸ್ಯ’ ಎನ್ನುತ್ತೇನೆ. ಶೆಡ್ಡಿನಲ್ಲಿ ಹೇಳಲು ಕೂತರೆ ಅದು ನಡೆಯಲಿಲ್ಲ. ಎರಡನೆಯ ದಿನಕ್ಕೇ “ಆ ಇಬ್ಬರದ ಕತಿನ ಇನ್ನೊಮ್ಮಿ ಹೇಳವಾ” ಎಂದರು.

ನನ್ನ ಸಿಟ್ಟನ್ನು ಮೊದಲ ಸಲ ಅಲುಗಾಡಿಸಿದ್ದು ಒಂದು ಮಳೆ. ಮಾರ್ಚಿನಲ್ಲಿ, ಮಾಲು ಅರ್ಧ ಒಣಗಿ ಜಾಳಿಗೆಯ ಮೇಲಿದ್ದಾಗ, ಸಂಜೆಗೆ ಪಶ್ಚಿಮದಲ್ಲಿ ಮೋಡ ಕಟ್ಟಿತು. ಒಣದ್ರಾಕ್ಷಿ ಮಾಡುವವರಿಗೆ ಆ ಮೋಡ ಎಂದರೇನು ಎಂದು ಮಾಡಿದವರಿಗೇ ಗೊತ್ತು. ಹಣ್ಣಿಗೆ ನೀರು ತಾಗಿದರೆ ಕಪ್ಪಾಗುತ್ತದೆ, ಬೂಸಲು ಹಿಡಿಯುತ್ತದೆ, ವರ್ಷದ ದುಡಿಮೆ ಹೋಗುತ್ತದೆ. ಗಾಳಿ ಬಿಟ್ಟಿತು. ತಾಡಪತ್ರಿ ಎಳೆದು ಕಟ್ಟಲು ಮನೆಯ ಮಕ್ಕಳಿಂದ ಹಿಡಿದು ಅತ್ತೆಯವರೆಗೆ ಎಲ್ಲರೂ ಓಡಿದೆವು. ಒಂದು ಕಡೆ ಕಟ್ಟಿದರೆ ಇನ್ನೊಂದು ಕಡೆ ಹಾರುತ್ತದೆ. ಕರೆಂಟು ಹೋಯಿತು. ಕತ್ತಲಲ್ಲಿ ಯಾರ ಕೈ ಯಾರ ಹಗ್ಗ ಹಿಡಿದಿದೆ ತಿಳಿಯದು. ಮೈದುನ ಶೆಡ್ಡಿನ ಮೇಲೆ ಏರಿದ್ದ, ಜಾರಿ ಬಿದ್ದ, ಎದ್ದು ಮತ್ತೆ ಏರಿದ. ಪೆಟ್ಟಾಯಿತೇ ಎಂದು ಅವನನ್ನು ಯಾರೂ ಕೇಳಲಿಲ್ಲ. ಅವನ ತಾಯಿಯೂ ಕೇಳಲಿಲ್ಲ. ಬೆಳಕು ಹರಿದ ಮೇಲೆ ಅವನ ಮೊಣಕೈ ಬಾತಿದ್ದು ಕಂಡು ಅತ್ತೆ ಬಿಕ್ಕಿ ಬಿಕ್ಕಿ ಅತ್ತರು.

ಆ ರಾತ್ರಿ ಗೌರಿಯ ಊಟವನ್ನು ಪುಸ್ತಕ ಯಾಕೆ ಮರೆಯಿತು ಎಂದು ನನಗೆ ಸ್ವಲ್ಪ ಅರ್ಥವಾಯಿತು. ಆಪತ್ತು ಮೇಲೆ ಬಿದ್ದಾಗ ಮನುಷ್ಯ ಬರೀ ಕೈ ಕಾಲಾಗುತ್ತಾನೆ. ಪ್ರೀತಿ ಇರುವುದಿಲ್ಲ ಎಂದಲ್ಲ, ಅದಕ್ಕೆ ಸರದಿ ಬರುವುದಿಲ್ಲ. ತೇಜಸ್ವಿ ಬರೆದ ಓಟ ಆ ಮಟ್ಟಿಗೆ ಸುಳ್ಳಲ್ಲ. ತಮ್ಮ ಪಾಡಿಗೆ ಬೆಳೆ ಮಾರಲು ಹೊರಟ ಇಬ್ಬರು, ತಮಗೆ ಸಂಬಂಧವೇ ಇಲ್ಲದ ಯಾರದೋ ದಂಧೆಯ ನಡುವೆ ಸಿಕ್ಕಿಬಿದ್ದರೆ ನಿಂತು ಯೋಚಿಸಲು ಅವರಿಗೆ ಯಾರು ವೇಳೆ ಕೊಡುತ್ತಾರೆ? ಆದರೆ ನಮ್ಮ ರಾತ್ರಿಗೊಂದು ಬೆಳಗಾಯಿತು, ಅಳಲು ಹೊತ್ತು ಸಿಕ್ಕಿತು. ಆ ಕಾದಂಬರಿಯಲ್ಲಿ ಆ ಬೆಳಗಿನ ಅಳು ನನಗೆ ಸಿಗಲಿಲ್ಲ. ಕೊನೆಯ ಅಧ್ಯಾಯಗಳಲ್ಲಿ ಒಂದರ ಮೇಲೊಂದು ಘಟನೆ ಬಿದ್ದು, ಉಸಿರು ಹಿಡಿದು ಓದಿದವಳನ್ನು ಉಸಿರು ಬಿಡುವ ಮೊದಲೇ ಬಾಗಿಲ ಹೊರಗೆ ನಿಲ್ಲಿಸಿದ ಹಾಗಾಯಿತು. ಈ ತಕರಾರು ಇವತ್ತಿಗೂ ಹಾಗೇ ಇದೆ.

ಇನ್ನೊಂದು ತಕರಾರು ಆ ಹಳೆಯ ಕಾವ್ಯದ್ದು. ಕಾದಂಬರಿಯಲ್ಲಿ ಅದನ್ನು ಕಾವ್ಯವೆಂದು ಪ್ರೀತಿಯಿಂದ ಓದುವವರಿಗಿಂತ, ಅದರೊಳಗೆ ರತ್ನದ ಜಾಡು ಹುಡುಕುವವರ ಕೈ ಮೇಲು. ನಾನು ತಿಂಗಳಿಗೆ ಎಷ್ಟೋ ಸಲ ಹಾದು ಹೋಗುವ ತೊರವಿ, ಕುಮಾರ ವಾಲ್ಮೀಕಿ ಭಾಮಿನಿ ಷಟ್ಪದಿಯಲ್ಲಿ ರಾಮಾಯಣ ಬರೆದ ಊರು. ಅಲ್ಲಿನ ನರಸಿಂಹ ಅವನ ಆರಾಧ್ಯ ದೈವ. ಹತ್ತಿರದ ಶಹರದಲ್ಲೇ ಫ.ಗು. ಹಳಕಟ್ಟಿಯವರು ವಕೀಲಿ ಮಾಡಿಕೊಂಡು ಸುಖವಾಗಿರಬಹುದಾಗಿತ್ತು. ಅವರು ಮನೆ ಮನೆ ಅಲೆದು, ಜಗಲಿಯ ಮೇಲೆ ಪೂಜೆಗೆ ಇಟ್ಟಿದ್ದ ತಾಡೋಲೆಗಳನ್ನು ಬೇಡಿ ತಂದು, ಇದ್ದ ಮನೆ ಮಾರಿ, 1925ರಲ್ಲಿ ಹಿತಚಿಂತಕ ಮುದ್ರಣಾಲಯ ತೆರೆದು ವಚನಗಳನ್ನು ಅಚ್ಚು ಮಾಡಿದರು. ಮರುವರ್ಷ ‘ಶಿವಾನುಭವ’ ಪತ್ರಿಕೆ ಶುರುವಾಯಿತು. ಓಲೆಗರಿಯ ಬೆನ್ನು ಹತ್ತಿದ ಒಬ್ಬ ಮನುಷ್ಯನ ಇಡೀ ಬದುಕೇ ಪತ್ತೇದಾರಿ ಆಗಿತ್ತು, ಕೊನೆಗೆ ಸಿಕ್ಕ ನಿಧಿ ನಮ್ಮೆಲ್ಲರ ಬಾಯಲ್ಲಿದೆ. ಇಂಥ ಊರಿನವಳಾಗಿ, ಹಳೆಯ ಗ್ರಂಥವನ್ನು ಬರೀ ನಿಧಿಯ ನಕಾಶೆಯಾಗಿ ಕಾಣುವ ಕತೆ ನನ್ನನ್ನು ನೋಯಿಸಿತು. ಒಂದು ಮಾತು ಮಾತ್ರ ತೇಜಸ್ವಿಯವರ ಪರವಾಗಿ ಹೇಳಬೇಕು: ಕಾವ್ಯ ಬೇಡವಾಗಿ ರತ್ನ ಮಾತ್ರ ಬೇಕಾದ ಕಾಲವನ್ನೇ ಅವರು ಬರೆಯುತ್ತಿದ್ದಿರಬಹುದು. ಕಾಡು ಬೇಡವಾಗಿ ಮರ ಮಾತ್ರ ಬೇಕಾದವರನ್ನು ಅದೇ ಪುಸ್ತಕದಲ್ಲಿ ಅವರು ತೋರಿಸುತ್ತಾರಲ್ಲ.

ಮಗಳು ಸಣ್ಣವಳಿದ್ದಾಗ ಶಹರದ ಪಶ್ಚಿಮಕ್ಕೆ ಹೊಲಗಳ ನಡುವೆ ಇರುವ ಸಾಠ್ ಕಬರಿಗೆ ಹೋಗಿದ್ದೆವು. ಕಪ್ಪು ಕಲ್ಲಿನ ಗೋರಿಗಳು, ಅರವತ್ತಕ್ಕೂ ಹೆಚ್ಚು, ಒಂದೇ ಅಳತೆ, ಸಾಲು ಸಾಲು. 1659ರಲ್ಲಿ ಶಿವಾಜಿಯ ಮೇಲೆ ದಂಡೆತ್ತಿ ಹೊರಟ ಅಫಜಲಖಾನನಿಗೆ ನೀನು ತಿರುಗಿ ಬರುವುದಿಲ್ಲ ಎಂದು ಜ್ಯೋತಿಷಿಗಳು ಹೇಳಿದರಂತೆ. ತಾನು ಸತ್ತ ಮೇಲೆ ತನ್ನ ಹೆಂಡಂದಿರು ಪರರ ಪಾಲಾಗಬಾರದೆಂದು ಅವರನ್ನೆಲ್ಲ ಕೊಂದು ಹೋದನಂತೆ. ಇದು ಜನ ಹೇಳುತ್ತ ಬಂದ ಕತೆ, ದಾಖಲೆಯ ಮಾತಲ್ಲ. ನಮ್ಮ ಜೊತೆ ಬಂದಿದ್ದ ಹುಡುಗ ಅದನ್ನು ಬಹಳ ರಸವತ್ತಾಗಿ, ಎರಡೇ ನಿಮಿಷದಲ್ಲಿ, ಒಬ್ಬಳು ತಪ್ಪಿಸಿಕೊಂಡು ಓಡಿದ್ದು, ಅವಳನ್ನು ಹಿಡಿದು ತಂದದ್ದು ಎಲ್ಲ ಸೇರಿಸಿ ಹೇಳಿದ. ಕೇಳುವಾಗ ನನಗೂ ಮೈ ಜುಂ ಎಂದಿತು. ಆಮೇಲೆ ಆ ಸಾಲುಗಳ ನಡುವೆ ನಡೆದೆ. ಒಂದು ಗೋರಿಯ ಮೇಲೂ ನನಗೆ ಹೆಸರು ಕಾಣಲಿಲ್ಲ. ಕತೆಯಲ್ಲಿ ಉಳಿದದ್ದು ಕೊಂದವನ ಹೆಸರು, ಯುದ್ಧದ ಇಸವಿ. ಆ ಹೆಣ್ಣುಮಕ್ಕಳಲ್ಲಿ ಒಬ್ಬಳ ಹೆಸರೂ ಆ ಹುಡುಗನ ಬಾಯಲ್ಲಿ ಇರಲಿಲ್ಲ, ನಾನೂ ಕೇಳಿರಲಿಲ್ಲ. ಕತೆ ಅಷ್ಟು ಬೇಗ ಓಡಿತ್ತು.

ವೇಗದ ಕತೆಗಳ ಬಗ್ಗೆ ನನ್ನ ಮನಸ್ಸು ಎರಡಾಗಿ ನಿಂತದ್ದು ಅಲ್ಲಿ. ಕೊಲೆಯ ಕಾದಂಬರಿಯಲ್ಲಿ ಒಂದು ಹೆಣ ಬಿದ್ದರೆ ನಾವು ಅಳುವುದಿಲ್ಲ, ಹಾಳೆ ತಿರುವುತ್ತೇವೆ. ಹೆಣ ಬಿದ್ದದ್ದಕ್ಕೆ ಒಳಗೊಳಗೆ ಖುಷಿಯೂ ಆಗುತ್ತದೆ, ಕತೆ ಮುಂದೆ ಹೋಯಿತಲ್ಲ ಎಂದು. ಸಾಲಿ ಹುಡುಗಿಯಾಗಿ ಬಾಡಿಗೆ ಪುಸ್ತಕ ಓದುವಾಗ ಇದು ನನ್ನನ್ನು ಕಾಡಿರಲಿಲ್ಲ.

2015ರ ಆಗಸ್ಟ್ 30, ರವಿವಾರ. ಬೆಳಿಗ್ಗೆ ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿಯವರನ್ನು ಅವರ ಮನೆಯ ಬಾಗಿಲಲ್ಲೇ ಗುಂಡಿಕ್ಕಿ ಕೊಂದರು. ನಮ್ಮ ಜಿಲ್ಲೆಯ ಸಿಂದಗಿ ತಾಲ್ಲೂಕಿನವರು. ಹಳಕಟ್ಟಿಯವರ ನಂತರ ವಚನಗಳ ಹಸ್ತಪ್ರತಿಗಳ ನಡುವೆ ಅಷ್ಟು ಆಳಕ್ಕೆ ಇಳಿದವರು ಎಂದರೆ ಅವರು. ಆದಿಲಶಾಹಿ ಕಾಲದ ಫಾರಸಿ, ದಖನಿ ಗ್ರಂಥಗಳನ್ನು ಕನ್ನಡಕ್ಕೆ ತರುವ ಕೆಲಸಕ್ಕೂ ಮುಂದೆ ನಿಂತಿದ್ದರು. ಹುಟ್ಟಿದ್ದು 1938ರ ನವೆಂಬರಿನಲ್ಲಿ. ತೇಜಸ್ವಿ ಅದೇ ವರ್ಷದ ಸೆಪ್ಟೆಂಬರಿನವರು, 2007ರಲ್ಲೇ ಹೋಗಿದ್ದರು. ಸುದ್ದಿ ಬಂದಾಗ ಮನೆಯಲ್ಲಿ ಟೀವಿ ಹಾಕಿದೆವು. ಬೈಕು, ಬಾಗಿಲು ಬಡಿದದ್ದು, ಗುಂಡು ಎಂದು ವಾಹಿನಿಗಳು ಮತ್ತೆ ಮತ್ತೆ ಹೇಳುತ್ತಿದ್ದವು, ಹಿಂದೆ ಸಂಗೀತ ಹಾಕಿಕೊಂಡು. ನನ್ನ ನೆಗೆಣ್ಣಿ ಎದ್ದು ಹೋಗಿ ಅದನ್ನು ಆರಿಸಿದಳು. “ಆ ಅವ್ವ ಒಳಗ ಚಾ ಕಾಸಾಕತ್ತಿದ್ದಳೋ ಏನೋ” ಎಂದಳು. ಆ ಮನೆಯ ಹೆಂಗಸಿನ ಬಗ್ಗೆ.

ಅದಾದ ಮೇಲೆ ಬಹಳ ದಿನ ನನಗೆ ಕೊಲೆಯ ಕತೆ ಯಾವುದೂ ಓದಲಾಗಲಿಲ್ಲ. ‘ಜುಗಾರಿ ಕ್ರಾಸ್’ ಮತ್ತೆ ಕೈಗೆತ್ತಿಕೊಂಡದ್ದು ಮಗಳ ಒತ್ತಾಯಕ್ಕೆ. ಆಕೆ ತೊರವಿಯ ಮಹಿಳಾ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಳು. ಹಾಸ್ಟೆಲ್ಲಿನಲ್ಲಿ ಗೆಳತಿಯರ ಕೈಯಲ್ಲಿ ಇದೇ ಪುಸ್ತಕ ಕಂಡು, ಮನೆಯ ಹಳೆಯ ಪ್ರತಿ ಒಯ್ದು, ಒಂದೇ ಕೂರಿಕೆಯಲ್ಲಿ ಓದಿ ಮುಗಿಸಿ ನನ್ನ ಜೊತೆ ವಾದಕ್ಕೆ ನಿಂತಳು. ಅವಳ ಪ್ರಕಾರ ಕೊನೆ ಸರಿಯಾಗಿಯೇ ಇದೆ. “ಅವ್ವಾ, ಆ ದಂಧಾ ಮಾಡವ್ರು ಯಾರು ಅಂತ ಸುರೇಶಗ ಗೌರಿಗಿ ಎಂದರ ತಿಳಿತಿತ್ತೇನು? ಅವ್ರಿಗಿ ತಿಳೀಲಾರದ್ದು ನಿನಗ್ಯಾಕ ತಿಳೀಬೇಕು?” ಎಂದಳು. ನನಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ನರಸಿಂಹಯ್ಯನವರ ಕತೆಯಲ್ಲಿ ಪತ್ತೇದಾರ ಇರುತ್ತಾನೆ, ಅವನು ನಮ್ಮ ಪರವಾಗಿ ಹುಡುಕಿ ಕೊಡುತ್ತಾನೆ. ಇಲ್ಲಿ ಪತ್ತೇದಾರನೇ ಇಲ್ಲ. ಬೆಳೆ ಮಾರಲು ಬಂದವರಿಗೆ ತಮ್ಮ ಬೆನ್ನು ಹತ್ತಿದವನ ನೆರಳು ಕಾಣುತ್ತದೆ, ಅವನನ್ನು ಕಳಿಸಿದವನು ಕಾಣುವುದಿಲ್ಲ. ದ್ರಾಕ್ಷಿಯ ದರ ಬಿದ್ದಾಗ ನಮಗೂ ದಲಾಲನ ಮುಖ ಮಾತ್ರ ಕಂಡದ್ದಲ್ಲವೇ?

ಈ ವಾದವನ್ನು ನಾನು ಒಪ್ಪಿದ್ದೇನೆ. ಆದರೆ ಅವಳಿಗೆ ನಾನು ಕೊಟ್ಟ ಉತ್ತರವನ್ನೂ ಬಿಟ್ಟುಕೊಟ್ಟಿಲ್ಲ. ಕೊಂದವನು ಯಾರೆಂದು ತಿಳಿಯದಿದ್ದರೆ ಬೇಡ. ಸತ್ತವನು ಯಾರಾಗಿದ್ದ, ಅವನ ಮನೆಯಲ್ಲಿ ಆ ಹೊತ್ತು ಯಾರು ಏನು ಮಾಡುತ್ತಿದ್ದರು ಎಂದು ಹೇಳಲು ಕಾದಂಬರಿಗೆ ಒಂದು ಹಾಳೆ ಸಾಕಿತ್ತು. ಆ ಒಂದು ಹಾಳೆಗೆ ಓಟ ಕೆಡುತ್ತಿರಲಿಲ್ಲ. ತೇಜಸ್ವಿಯಂಥವರು ಬರೆದಿದ್ದರೆ ಅದರಲ್ಲೂ ನಾವು ಉಸಿರು ಹಿಡಿದೇ ಇರುತ್ತಿದ್ದೆವು ಎಂದು ನನಗೆ ನಂಬಿಕೆ. ಅವರ ಶಕ್ತಿಯ ಮೇಲೆ ಇಷ್ಟು ನಂಬಿಕೆ ಇರುವುದಕ್ಕೇ ಸಿಟ್ಟೂ ಇಷ್ಟು ದಿನ ಬಾಳಿದೆ. ಬೇರೆ ಯಾರದೋ ಕಾದಂಬರಿಯಾಗಿದ್ದರೆ ಓದಿ, ಮೆಚ್ಚಿ, ಬಾಡಿಗೆ ಅಂಗಡಿಗೆ ತಿರುಗಿ ಕೊಟ್ಟು ಮರೆತುಬಿಡುತ್ತಿದ್ದೆ.

ಈಗ ‘ಜುಗಾರಿ ಕ್ರಾಸ್’ ಸಿನಿಮಾ ಆಗುತ್ತದೆ ಎಂಬ ಸುದ್ದಿ ಬಂದಿದೆ. ಗುರುದತ್ತ ಗಾಣಿಗ ನಿರ್ದೇಶನ, ರಾಜ್ ಬಿ. ಶೆಟ್ಟಿ ನಟನೆ ಎಂದು 2025ರಲ್ಲಿ ಪ್ರಕಟವಾಯಿತು. ಸಿನಿಮಾದವರಿಗೆ ಸುರಂಗ, ರೈಲು, ಬೆನ್ನಟ್ಟುವಿಕೆ ಸಾಕಷ್ಟು ಸಿಗುತ್ತದೆ, ಅದನ್ನು ಅವರು ಚೆನ್ನಾಗಿಯೇ ಮಾಡಬಹುದು. ನನಗೆ ಆತಂಕ ಮೊದಲ ಭಾಗದ ಬಗ್ಗೆ. ಬಸ್ಸಿಗೆ ಕಾಯುತ್ತ ಕೂತ ಆ ಜನ, ಏಲಕ್ಕಿಯ ವ್ಯಾಪಾರ, ದುಡ್ಡು ಕೈಗೆ ಬರುವವರೆಗೆ ಗಂಡ ಹೆಂಡತಿಯ ಲೆಕ್ಕಾಚಾರ, ಇವನ್ನೆಲ್ಲ ನಿಧಾನವಾಯಿತೆಂದು ಕತ್ತರಿಸಿ ಹಾಕಿದರೆ ಉಳಿದ ಓಟಕ್ಕೆ ಕಾಲೇ ಇರುವುದಿಲ್ಲ. ಇದನ್ನು ನೆಗೆಣ್ಣಿಗೆ ಹೇಳಿದೆ. ಈಗ ಅವಳಿಗೂ ಮೊಣಕಾಲು ನೋವು, ಶೆಡ್ಡಿನಲ್ಲಿ ನೆಲಕ್ಕೆ ಕೂರಲಾಗದು, ಖುರ್ಚಿ ಹಾಕಿಕೊಂಡು ಆರಿಸುತ್ತಾಳೆ. ಸಿನಿಮಾ ಬಂದರೆ ಅವತ್ತು ಕತೆ ಕೇಳಿದವರನ್ನೆಲ್ಲ ಒಂದು ಟ್ರ್ಯಾಕ್ಸಿನಲ್ಲಿ ತುಂಬಿಕೊಂಡು ವಿಜಯಪುರಕ್ಕೆ ಹೋಗೋಣ ಎಂದು ಅವಳೇ ಹೇಳಿದಳು. “ಹಂಗಾಮ ಮುಗದ ಮ್ಯಾಲ ಬಂದ್ರ ಛಲೋ” ಎಂದೂ ಸೇರಿಸಿದಳು, “ಮಾರ್ಚನ್ಯಾಗ ಬಂದ್ರ ಹೋಗಾಕ ಆಗೂದಿಲ್ಲ.”